ಗಡಿಯೂರಿನ ಮಿಂಚಂಚೆ

ರಾಯದುರ್ಗ ಸೀಮೆಯ ಗಡಿಯೂರಾದ ಡಿ. ಹಿರೇಹಾಳಿನಲ್ಲಿ ಊರವರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ತರುಣನೊಬ್ಬನು ತನ್ನ ಜಿಮೇಲನ್ನು ತೆರೆದು ತೋರಿಸಿದಾಗ, ಪರದೆಯ ಎಡಬದಿಯಲ್ಲಿ ‘ಬಳ್ಳಾರಿ’, ‘ಅನಂತಪುರ’, ‘ಅಡಂಗಲ್’, ‘ಸಾಲ’ ಎಂಬ ಹೆಸರುಗಳು ಕನ್ನಡ ಲಿಪಿಯಲ್ಲಿಯೇ ಸಾಲುಗೊಂಡಿದ್ದುದನ್ನು ಕಂಡು ನನಗುಂಟಾದ ಹರ್ಷವು ಇನ್ನೂ ಕುಂದಿಲ್ಲ. ಇಲ್ಲಿನ ಹೊಲವೊಂದರ ಅಡಂಗಲನ್ನು, ಎಂದರೆ ಪಹಣಿಯನ್ನು, ಕೇಳಿ ಬಳ್ಳಾರಿಯ ಬ್ಯಾಂಕೊಂದು ಬರೆದ ಒಂದೇ ಪತ್ರವು ಆ ನಾಲ್ಕರಲ್ಲಿ ಮೂರು ಹೆಸರುಗಳ ಅಡಿಯಲ್ಲಿ ದೊರೆಯುತ್ತಿದ್ದಿತು. “ಯಾವ ಕಡೆ ಹುಡುಕಿದ್ರೂ ಸಿಗ್ಬೇಕಲ್ಲ ಸಾರ್” ಎಂದನು.

ಗಡಿನಾಡಿನ ವ್ಯವಹಾರಕ್ಕೆ ಇದಕ್ಕಿಂತ ಯುಕ್ತವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು, ರಾಯದುರ್ಗವು ಅನಂತಪುರಕ್ಕೆ ಸೇರಿತು. ಕಂದಾಯದ ದಫ್ತರವು ಆ ಕಡೆಗೆ ಹೋದರೂ ವ್ಯಾಪಾರ, ಆಸ್ಪತ್ರೆ, ನಂಟಸ್ತನಗಳಿಗೆ ಬಳ್ಳಾರಿಯತ್ತ ನಡೆಯುವ ಜನರ ಕಾಗದಪತ್ರಗಳಿಗೆ ಒಂದೇ ಗೂಡನ್ನು ಗೊತ್ತುಮಾಡುವುದು ಅನ್ಯಾಯವೇ ಸರಿ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡಗೂಡಿ 1996ರಲ್ಲಿ ಹಾಟ್‌ಮೇಲನ್ನು ಆರಂಭಿಸಿದ ಕಾಲದ ಪದ್ಧತಿಯು ಫೋಲ್ಡರಿನದು. ಒಂದರೊಳಗೆ ಸೇರಿದ ಪತ್ರವು ಮತ್ತೊಂದರಲ್ಲಿರದು. 2004ರ ಏಪ್ರಿಲ್ 1ರಂದು ಬಂದ ಜಿಮೇಲ್ ಅದರ ಸ್ಥಾನದಲ್ಲಿ ಲೇಬಲನ್ನು ತಂದಿತು. ಪತ್ರವು ಇದ್ದಲ್ಲಿಯೇ ಇದ್ದು ಹಲವು ಹೆಸರುಗಳನ್ನು ಧರಿಸಬಲ್ಲುದು. ಲೇಬಲನ್ನು ಅಳಿಸಿದರೂ ಪತ್ರವು ಅಳಿಯದು.

ಆದರೆ ನನ್ನನ್ನು ಬಹುವಾಗಿ ಮೋಹಗೊಳಿಸಿದ ಸಂಗತಿಯು ಈ ಕನ್ನಡ ಹೆಸರುಗಳ ಗುಪ್ತಸಂಚಾರ. ಮಾರ್ಕ್ ಕ್ರಿಸ್ಪಿನ್ ಅವರು 1986ರಲ್ಲಿ ರೂಪಿಸಿದ ಐಮ್ಯಾಪ್ ಎಂಬ ಅಂಚೆನಿಯಮದ ಪ್ರಚಲಿತ ರೂಪದಲ್ಲಿ, ಫೋಲ್ಡರಿನ ಹೆಸರು (ಜಿಮೇಲಿನ ಲೇಬಲೂ ಅದಕ್ಕೆ ಫೋಲ್ಡರೇ) ರೋಮನ್ನಲ್ಲದ ಲಿಪಿಯದಾದರೆ ಅದನ್ನು ರೋಮನ್ ಅಕ್ಷರಗಳೂ ಅಂಕಿಗಳೂ ಬೆರೆತ ಸಂಕೇತವಾಗಿ ಪರಿವರ್ತಿಸಿಯೇ ಕಳುಹತಕ್ಕುದು. ಕಣ್ಣಿಗೆ ಮೂರೇ ಅಕ್ಷರಗಳಾಗಿ ತೋರುವ ‘ಬಳ್ಳಾರಿ’ಯು, ಒತ್ತು ದೀರ್ಘ ಗುಣಿತಗಳೆಲ್ಲ ಬಿಡಿಬಿಡಿಯಾಗಿ ಯೂನಿಕೋಡಿನಲ್ಲಿ ಏಳು ಘಟಕಗಳಾಗಿ, ಆದ್ಯಂತಗಳ ಗುರುತುಗಳೂ ಸೇರಿ ತಂತಿಯಲ್ಲಿ 21 ಚಿಹ್ನೆಗಳಾಗಿ ಹರಿಯುತ್ತದೆ. ಲೆಕ್ಕವಿಟ್ಟು ನೋಡಿದರೆ ಇನ್ನೂ ಸೋಜಿಗವುಂಟು. ಆರಂಭದ ಗುರುತನ್ನು ಬಿಟ್ಟರೆ, ಕನ್ನಡ ಅಕ್ಷರದಿಂದ ಮೊದಲಾಗುವ ಯಾವ ಹೆಸರೇ ಆಗಲಿ, ಅದರ ಸಂಕೇತದ ಮೊದಲಕ್ಷರವು ರೋಮನ್ ‘ಡಿ’. ತೆಲುಗಿನ ಹೆಸರಿಗೂ ಅದೇ ‘ಡಿ’! ಯೂನಿಕೋಡಿನಲ್ಲಿ ಈ ಎರಡು ಲಿಪಿಗಳೂ ಒಂದಕ್ಕೊಂದು ಅಂಟಿಕೊಂಡ ನೆರೆಮನೆಗಳಾಗಿರುವುದೇ ಇದಕ್ಕೆ ಕಾರಣ. ಎರಡನೆಯ ಅಕ್ಷರದಲ್ಲಿ ಮಾತ್ರ ಅವು ಬೇರೆಯಾಗಿ, ತೆಲುಗು ‘ಎ’ಯಿಂದ ‘ಎಚ್’ವರೆಗೆ, ಕನ್ನಡ ‘ಐ’ಯಿಂದ ‘ಪಿ’ವರೆಗೆ ಸಾಗುವುವು.

ಇದನ್ನು ಕೇಳಿದ ತರುಣನು ಒಡನೆಯೇ ತೆಲುಗು ಲಿಪಿಯಲ್ಲಿ ಒಂದು ಹೊಸ ಲೇಬಲನ್ನು ರಚಿಸಿ, ಹಿಂದಿಗೂ ತಮಿಳಿಗೂ ಹೀಗೆಯೇ ಬರುವುದೋ ಎಂದು ಪ್ರಶ್ನಿಸಿದನು. ಅವೆರಡಕ್ಕೂ ‘ಸಿ’ ಎಂದು ತಿಳಿಸಿದೆನು.