ಹಡಗಿಳಿದ ಮೇಲೆ ಎಂಟು ಗಂಟೆ

ಮೆಡಿಟರೇನಿಯನ್ ಕ್ರೂಸ್‌ನಲ್ಲಿ ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊಸ ಊರೊಂದು ಎದುರಿಗಿರುತ್ತದೆ. ಇವತ್ತು ಬಾರ್ಸಿಲೋನಾ, ನಾಳೆ ಮಾರ್ಸೇ, ನಾಡಿದ್ದು ರೋಮ್‌ನ ಬಂದರು, ಆಚೆ ನಾಡಿದ್ದು ನೇಪಲ್ಸ್. ಟಿಕೆಟ್ ಕೊಳ್ಳುವಾಗ ಕ್ಯಾಬಿನ್‌ಗೆ ಬಾಲ್ಕನಿ ಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಬಂದರಿನಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ವಿಷಯ ಬಂದಾಗ ಮಾತ್ರ, ಅದನ್ನು ಹಡಗು ಹತ್ತಿದ ಮೇಲೆ ನೋಡಿಕೊಂಡರಾಯಿತು ಎಂದು ಸುಮ್ಮನಾಗುತ್ತಾರೆ. ಪ್ರವಾಸ ತೃಪ್ತಿ ಕೊಡುತ್ತದೆಯೋ ಬರೀ ಸುಸ್ತು ಉಳಿಸುತ್ತದೆಯೋ ಎಂಬುದು ನಿರ್ಧಾರವಾಗುವುದು ಅಲ್ಲೇ.

ಮೊದಲು ಗಂಟೆಯ ಲೆಕ್ಕ ಹಾಕಬೇಕು. ಹಡಗು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೊರಡುತ್ತದೆ ಎಂದಿದ್ದರೆ ಕೈಗೆ ಹತ್ತು ಗಂಟೆ ಸಿಕ್ಕಂತೆ ಕಾಣುತ್ತದೆ. ಆದರೆ ಹಡಗನ್ನು ದಡಕ್ಕೆ ಕಟ್ಟಿ, ಬಂದರು ಅಧಿಕಾರಿಗಳ ಅನುಮತಿ ಸಿಕ್ಕಿ, ಸಾವಿರಾರು ಜನರ ನಡುವೆ ಸಾಲಿನಲ್ಲಿ ಇಳಿಯುವಷ್ಟರಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದಿರುತ್ತದೆ. ಹೊರಡುವ ಸಮಯಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿರಬೇಕೆಂಬುದು ನಿಯಮ. ಉಳಿಯುವುದು ಎಂಟು ಗಂಟೆ. ಹೋಗಿ ಬರುವ ದಾರಿಯನ್ನು ಇದರಲ್ಲಿ ಕಳೆದರೆ ನಿಜವಾಗಿ ನೋಡಲು ಸಿಗುವ ಹೊತ್ತು ತಿಳಿಯುತ್ತದೆ.

ಕ್ರೂಸ್ ಬ್ರೋಷರುಗಳಲ್ಲಿ ಇರುವ ಊರಿನ ಹೆಸರನ್ನು ನಂಬಿ ಈ ಲೆಕ್ಕ ಹಾಕಬಾರದು. ಅಲ್ಲಿ ರೋಮ್ ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಎರಡನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಟ್ರೇಜನ್ ಕಟ್ಟಿಸಿದ ಈ ಬಂದರಿಗೂ ರೋಮ್‌ಗೂ ನಡುವೆ ಹೆಚ್ಚುಕಡಿಮೆ ಬೆಂಗಳೂರಿನಿಂದ ತುಮಕೂರಿನಷ್ಟು ದೂರ. ಫ್ಲಾರೆನ್ಸ್ ಎಂದಿದ್ದರೆ ಇಳಿಯಬೇಕಾದದ್ದು ಲಿವೋರ್ನೋದಲ್ಲಿ. ಅಲ್ಲಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಾದರೂ ಬಸ್ಸಿನಲ್ಲಾದರೂ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಬೇಕು. ಅಂದರೆ ಎಂಟು ಗಂಟೆಯಲ್ಲಿ ಮೂರು ದಾರಿಯ ಪಾಲಾಗುತ್ತದೆ. ಉಳಿದ ಐದರಲ್ಲಿ ಊಟವನ್ನೂ ಮುಗಿಸಿ, ಉಫೀಝಿ ಕಲಾಸಂಗ್ರಹಾಲಯ ಮತ್ತು ಮೈಕೆಲೆಂಜೆಲೋನ ಡೇವಿಡ್ ಇರುವ ಅಕಾಡೆಮಿಯಾ ಎರಡನ್ನೂ ನೋಡುತ್ತೇವೆ ಎಂದು ಹೊರಟವರು ಎರಡನ್ನೂ ಸರಿಯಾಗಿ ನೋಡದೆ ಮರಳುತ್ತಾರೆ. ಅದೇ ಲಿವೋರ್ನೋದಿಂದ ಪೀಸಾಕ್ಕೆ ರೈಲಿನಲ್ಲಿ ಇಪ್ಪತ್ತು ನಿಮಿಷ ಸಾಕು. ವಾಲುಗೋಪುರ, ಅದರ ಪಕ್ಕದ ಕ್ಯಾಥೆಡ್ರಲ್, ಬ್ಯಾಪ್ಟಿಸ್ಟ್ರಿ ಮೂರನ್ನೂ ನಿಧಾನವಾಗಿ ನೋಡಿ, ಸಂಜೆಗೆ ಮುಂಚೆ ಲಿವೋರ್ನೋದ ಹಳೆಯ ಕಾಲುವೆಗಳ ಬಡಾವಣೆಯಲ್ಲಿ ಅಡ್ಡಾಡಿ ಬರಬಹುದು.

ರೋಮ್‌ನದು ಬೇರೆ ಮಾತು. ಮೊದಲ ಸಲ ಇಟಲಿಗೆ ಬಂದವರಿಗೆ ರೋಮ್ ಬಿಟ್ಟುಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಚಿವಿತಾವೆಕ್ಕಿಯಾದಿಂದ ಪ್ರಾದೇಶಿಕ ರೈಲು ಹಿಡಿದರೆ ಸುಮಾರು ಐವತ್ತು ನಿಮಿಷದಲ್ಲಿ ರೋಮಾ ಸಾನ್ ಪಿಯೆತ್ರೋ ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿದು ಸ್ವಲ್ಪ ನಡೆದರೆ ಸೇಂಟ್ ಪೀಟರ್ಸ್ ಚೌಕ. ವ್ಯಾಟಿಕನ್ ನೋಡಬೇಕೆನ್ನುವವರು ಇಲ್ಲೇ ಇಳಿದು ದಿನವನ್ನು ಅದಕ್ಕೇ ಕೊಡಬೇಕು. ಕೊಲೋಸಿಯಂ ಮತ್ತು ಪ್ರಾಚೀನ ಫೋರಂ ನೋಡಬೇಕೆನ್ನುವವರು ಮುಂದಿನ ನಿಲ್ದಾಣಗಳಿಗೆ ಹೋಗಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ನೆನಪಿನಲ್ಲಿ ಉಳಿಯುವುದು ಟ್ರಾಫಿಕ್ ಮತ್ತು ಕ್ಯೂ. ರೋಮ್ ಈಗಾಗಲೇ ನೋಡಿದವರಿಗೆ ಚಿವಿತಾವೆಕ್ಕಿಯಾದ ಪಕ್ಕದಲ್ಲೇ ತಾರ್ಕ್ವಿನಿಯಾ ಇದೆ, ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ರೋಮನ್ನರಿಗಿಂತ ಹಿಂದಿನ ಎಟ್ರಸ್ಕನ್ ಜನ ನೆಲದಡಿಯ ಸಮಾಧಿಗಳ ಗೋಡೆಯ ಮೇಲೆ ಔತಣ, ಕುಣಿತ, ಬೇಟೆಯ ದೃಶ್ಯಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಜಾಗಕ್ಕೆ ಹಡಗಿನಿಂದ ಇಳಿದವರಲ್ಲಿ ಹೋಗುವವರು ಬಹಳ ಕಡಿಮೆ.

ಆಯ್ಕೆಯ ಕಷ್ಟ ನಿಜಕ್ಕೂ ಎದುರಾಗುವುದು ನೇಪಲ್ಸ್‌ನಲ್ಲಿ. ಇಲ್ಲಿ ಹಡಗು ಊರಿನ ನಡುವಿಗೇ ಬಂದು ನಿಲ್ಲುತ್ತದೆ. ಟರ್ಮಿನಲ್ ದಾಟಿದರೆ ಎದುರಿಗೆ ಹಳೆಯ ಕೋಟೆ ಕಾಸ್ತೆಲ್ ನುವೋವೋ, ಅದರ ಪಕ್ಕದಲ್ಲೇ ಮುನಿಚಿಪಿಯೋ ಮೆಟ್ರೋ ನಿಲ್ದಾಣ. ಕಾಪ್ರಿ ದ್ವೀಪ, ಅಮಾಲ್ಫಿ ಕರಾವಳಿ, ವೆಸೂವಿಯಸ್ ಜ್ವಾಲಾಮುಖಿ, ಪೊಂಪೈ, ಹರ್ಕ್ಯುಲೇನಿಯಂ ಎಲ್ಲವೂ ಹಡಗಿನವರ ಟೂರ್ ಪಟ್ಟಿಯಲ್ಲಿರುತ್ತವೆ. ಪೊಂಪೈ ಜೊತೆಗೆ ಅಮಾಲ್ಫಿಯನ್ನೂ ಸೇರಿಸಿದ ಟೂರ್ ದುಡ್ಡಿಗೆ ಮೋಸವಿಲ್ಲದಂತೆ ಕಾಣುತ್ತದೆ. ಆದರೆ ಅಮಾಲ್ಫಿಯ ಬೆಟ್ಟದಂಚಿನ ಇಕ್ಕಟ್ಟು ರಸ್ತೆಯಲ್ಲಿ ಬೇಸಿಗೆಯಲ್ಲಿ ವಾಹನಗಳು ಆಮೆ ವೇಗದಲ್ಲಿ ಸಾಗುತ್ತವೆ. ಅಲ್ಲಿ ಹಾಳಾದ ಹೊತ್ತನ್ನು ಪೊಂಪೈ ಪಾಲಿನಿಂದಲೇ ಕಡಿತ ಮಾಡುತ್ತಾರೆ.

ಪೊಂಪೈ ಅರ್ಧ ದಿನವನ್ನಾದರೂ ಕೇಳುವ ಊರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಬೂದಿಯಡಿ ಹೂತುಹೋದ ಈ ನಗರದ ವಿಸ್ತಾರ ಸುಮಾರು 66 ಹೆಕ್ಟೇರ್. ಅದರಲ್ಲಿ ಮೂರನೆಯ ಒಂದು ಪಾಲನ್ನು ಇನ್ನೂ ಅಗೆದೇ ಇಲ್ಲ. ಕಲ್ಲುಹಾಸಿನ ಬೀದಿಯಲ್ಲಿ ಗಾಡಿಯ ಚಕ್ರಗಳು ಕೊರೆದ ಗೀರುಗಳು ಇಂದಿಗೂ ಆಳವಾಗಿವೆ. ಬೀದಿಯ ನೀರು ಕಾಲಿಗೆ ತಗಲದಂತೆ ದಾಟಲು ಇಟ್ಟ ಎತ್ತರದ ಕಲ್ಲುಗಳಿವೆ. ಆ ಕಲ್ಲುಗಳ ನಡುವೆ ಗಾಡಿಯ ಚಕ್ರ ಹಾಯುವಷ್ಟು ಜಾಗವನ್ನು ಅಳೆದು ಬಿಟ್ಟಿದ್ದಾರೆ. ಬೀದಿಬದಿಯ ಊಟದಂಗಡಿಗಳ ಕಟ್ಟೆಗಳಲ್ಲಿ ಮಡಕೆ ಹುಗಿದ ಗುಂಡಿಗಳು ಹಾಗೇ ಇವೆ. ನೇಪಲ್ಸ್‌ನ ಗರಿಬಾಲ್ಡಿ ನಿಲ್ದಾಣದಿಂದ ಚಿರ್ಕುಂವೆಸುವಿಯಾನಾ ಎಂಬ ಸ್ಥಳೀಯ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಪೊಂಪೈ ಬಾಗಿಲಲ್ಲೇ ಇಳಿಯಬಹುದು. ರೈಲಿನಲ್ಲಿ ಜನಜಂಗುಳಿ ಇರುತ್ತದೆ, ಜೇಬುಗಳ್ಳರೂ ಇರುತ್ತಾರೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ ಮೇಲೆ ಹೆಸರೂ ಇರುತ್ತದೆ. ಆದ್ದರಿಂದ ಮುಂಗಡ ಟಿಕೆಟ್ ಮತ್ತು ಗುರುತಿನ ಚೀಟಿ ಎರಡೂ ಜೊತೆಯಲ್ಲಿರಬೇಕು.

ಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ನಡೆಯಲಾರದ ಹಿರಿಯರು ಜೊತೆಗಿದ್ದರೆ ಹರ್ಕ್ಯುಲೇನಿಯಂ ಮೇಲು. ಅದೇ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಎರಡು ಗಂಟೆಯಲ್ಲಿ ನೋಡಿ ಮುಗಿಯುವಷ್ಟು ಚಿಕ್ಕ ಜಾಗ. ಅತಿ ಬಿಸಿಯಾದ ಜ್ವಾಲಾಮುಖಿ ಪ್ರವಾಹ ಈ ಊರನ್ನು ಮುಚ್ಚಿದ್ದರಿಂದ ಪೊಂಪೈಯಲ್ಲಿ ಉಳಿಯದ ಮರ ಇಲ್ಲಿ ಇದ್ದಿಲಾಗಿ ಉಳಿದಿದೆ. ಒಂದು ಮನೆಯಲ್ಲಿ ನಡುಮನೆಯನ್ನು ಬೇರ್ಪಡಿಸುವ ಮರದ ತಡಿಕೆ ಬಾಗಿಲು ಸುಟ್ಟು ಕರಕಲಾಗಿಯೂ ನಿಂತೇ ಇದೆ.

ನಡೆಯುವುದೇ ಬೇಡ ಎನ್ನುವವರಿಗೆ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯ ಇದೆ. ಬಂದರಿನಿಂದ ಮೆಟ್ರೋದಲ್ಲಿ ಮೂರೇ ನಿಲ್ದಾಣ. ಪೊಂಪೈಯ ಶ್ರೇಷ್ಠ ಮೊಸಾಯಿಕ್‌ಗಳು, ಗೋಡೆಚಿತ್ರಗಳು ಇರುವುದು ಇಲ್ಲೇ. ಭಾರತದಿಂದ ಹೋದವರು ಇಲ್ಲಿ ತಪ್ಪದೆ ನೋಡಬೇಕಾದದ್ದು ಒಂದು ಗೇಣಿನಷ್ಟು ಎತ್ತರದ ದಂತದ ಪ್ರತಿಮೆ. 1938ರಲ್ಲಿ ಪೊಂಪೈಯ ಮನೆಯೊಂದರಲ್ಲಿ ಸಿಕ್ಕಿದ್ದು. ಜಡೆ, ಕೈತುಂಬ ಬಳೆ, ಕಾಲಂದುಗೆ ತೊಟ್ಟ ಹೆಣ್ಣು, ಎರಡು ಪಕ್ಕಗಳಲ್ಲಿ ಪುಟ್ಟ ಪರಿಚಾರಕಿಯರು. ಪೊಂಪೈ ಲಕ್ಷ್ಮಿ ಎಂದು ಹೆಸರಾದರೂ ಇದು ಯಕ್ಷಿಯ ಪ್ರತಿಮೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ದಖ್ಖನ್ನಿನ ಭೋಕರ್ದನ್‌ನಲ್ಲಿ ಇದನ್ನೇ ಹೋಲುವ ದಂತದ ತುಣುಕು ಸಿಕ್ಕಿದೆ. ವೆಸೂವಿಯಸ್ ಸಿಡಿಯುವ ಮೊದಲೇ ಭಾರತದ ಸರಕು ಸಮುದ್ರ ದಾಟಿ ಇಲ್ಲಿಗೆ ಬರುತ್ತಿತ್ತೆಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಇದು. ಪ್ರಾಚೀನ ಕಾಮಕಲೆಯ ವಸ್ತುಗಳನ್ನಿಟ್ಟ ಸೀಕ್ರೆಟ್ ಕ್ಯಾಬಿನೆಟ್ ಕೋಣೆಯಲ್ಲಿ ಇದನ್ನು ಇರಿಸಿರುವುದರಿಂದ ಎಷ್ಟೋ ಜನ ಗಮನಿಸದೆ ಹೋಗುತ್ತಾರೆ. ಸಂಗ್ರಹಾಲಯದಿಂದ ಹೊರಬಂದರೆ ಸಸ್ಯಾಹಾರಿಗಳಿಗೂ ಊಟದ ಚಿಂತೆಯಿಲ್ಲ. ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆಯಷ್ಟೇ ಇರುವ ಮಾರಿನಾರಾ ಪಿಜ್ಜಾ ಈ ಊರಿನದೇ.

ಎಲ್ಲ ಬಂದರೂ ಇಷ್ಟು ಅನುಕೂಲದ್ದಲ್ಲ. ಗ್ರೀಸ್‌ನ ಪಿರಾಯಸ್‌ನಿಂದ ಅಥೆನ್ಸ್‌ಗೆ ಮೆಟ್ರೋ ಇದೆ, ಅರ್ಧ ಗಂಟೆಯೊಳಗೆ ಅಕ್ರೊಪೊಲಿಸ್ ಬುಡ ತಲುಪಬಹುದು. ಆದರೆ ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸ್‌ ಅನ್ನು ನಡುಮಧ್ಯಾಹ್ನ ಮುಚ್ಚುವುದುಂಟು. ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ. ಸಣ್ಣ ದೋಣಿಗಳಲ್ಲಿ ಹಳೆ ಬಂದರಿಗೆ ಇಳಿಸುತ್ತಾರೆ, ಮೇಲಿನ ಫಿರಾ ಊರಿಗೆ ಹೋಗಲು ಕೇಬಲ್ ಕಾರ್ ಅಥವಾ ಐನೂರಕ್ಕೂ ಹೆಚ್ಚು ಮೆಟ್ಟಿಲು. ಮರಳುವಾಗ ಕೇಬಲ್ ಕಾರ್ ಕ್ಯೂ ದೊಡ್ಡದಿರುತ್ತದೆ. ಗಾಳಿ ಜೋರಾದರೆ ದೋಣಿಯೂ ಇಲ್ಲ, ಊರೂ ಇಲ್ಲ.

ಹಡಗಿನವರ ಟೂರ್ ತೆಗೆದುಕೊಳ್ಳಬೇಕೋ ಸ್ವಂತ ಹೋಗಬೇಕೋ ಎಂಬ ಪ್ರಶ್ನೆಗೆ ಉತ್ತರ ಈ ದೂರದಲ್ಲೇ ಇದೆ. ಹಡಗಿನ ಟೂರ್ ದುಬಾರಿ, ಬಸ್ಸಿನ ತುಂಬ ಜನ, ಗೈಡ್ ಹಿಂದೆ ಗುಂಪಾಗಿ ಹೋಗಬೇಕು. ಆದರೆ ಅವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಆ ಬಂದರನ್ನೇ ಕೈಬಿಟ್ಟರೆ ಹಣ ವಾಪಸ್ಸು ಬರುತ್ತದೆ. ಸ್ವಂತ ಹೋದವರಿಗೆ ಹಡಗು ಕಾಯುವುದಿಲ್ಲ. ತಪ್ಪಿಸಿಕೊಂಡವರು ಮುಂದಿನ ಬಂದರಿಗೆ ತಮ್ಮ ಖರ್ಚಿನಲ್ಲೇ ಹೋಗಿ ಸೇರಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ಮಾತು: ಷೆಂಗೆನ್ ವೀಸಾದಲ್ಲಿ ಇಟಲಿ, ಗ್ರೀಸ್ ನೋಡುವ ನಡುವೆ ಹಡಗು ಟರ್ಕಿಗೋ ಮಾಂಟೆನೆಗ್ರೋಗೋ ಹೋಗಿ ಮರಳುವುದಾದರೆ ಬಹು ಪ್ರವೇಶದ ವೀಸಾ ಬೇಕಾಗುತ್ತದೆ. ಇಟಲಿಯಿಂದ ಗ್ರೀಸ್‌ಗೆ ಹೋದಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಫೋನು ತಾನೇ ಬದಲಾಗುತ್ತದೆ. ಹಡಗಿನ ಸಮಯ ಯಾವುದೆಂದು ಇಳಿಯುವ ಮೊದಲು ಸಿಬ್ಬಂದಿಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ದುಡ್ಡು ಕಟ್ಟುವ ಮೊದಲು ವಾರವನ್ನೂ ನೋಡಬೇಕು. ಉಫೀಝಿ ಮತ್ತು ಅಕಾಡೆಮಿಯಾ ಸೋಮವಾರ ಮುಚ್ಚಿರುತ್ತವೆ, ನೇಪಲ್ಸ್‌ನ ಸಂಗ್ರಹಾಲಯ ಮಂಗಳವಾರ. ವ್ಯಾಟಿಕನ್ ಸಂಗ್ರಹಾಲಯಗಳಿಗೆ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ರಜೆ. ಇಟಲಿಯಲ್ಲಿ ರೈಲು ಮುಷ್ಕರಗಳನ್ನು ಸಾಮಾನ್ಯವಾಗಿ ಮೊದಲೇ ಘೋಷಿಸುತ್ತಾರೆ, ಆ ಪಟ್ಟಿಯನ್ನೂ ಒಮ್ಮೆ ಕಣ್ಣಾಡಿಸಬೇಕು.

ಮೊದಲ ಸಲ ಹೊರಟವರು ರೋಮ್ ಮತ್ತು ಫ್ಲಾರೆನ್ಸ್‌ಗೆ ಹಡಗಿನ ಟೂರನ್ನೇ ತೆಗೆದುಕೊಳ್ಳಲಿ, ನೇಪಲ್ಸ್, ಪೀಸಾ, ಅಥೆನ್ಸ್‌ಗಳನ್ನು ಧೈರ್ಯವಾಗಿ ಸ್ವಂತ ನೋಡಲಿ. ಎಲ್ಲಿಗೇ ಹೋದರೂ ದಿನಕ್ಕೆ ಒಂದೇ ಜಾಗ ಇಟ್ಟುಕೊಂಡು, ಹಡಗು ಹೊರಡುವ ಎರಡು ಗಂಟೆ ಮೊದಲೇ ಬಂದರಿಗೆ ಮರಳಿರಬೇಕು.