ಇಂಗ್ಲಿಷ್ ಓದು ಮತ್ತು ಕಣ್ಣಿನ ನೆಗೆತ

ವರದಾ ನದಿಯ ದಡದಲ್ಲಿರುವ ಕರ್ಜಗಿಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಯು ಕಾಲೇಜಿನ ವಿಜ್ಞಾನ ವಿಭಾಗವನ್ನು ಸೇರಿದೊಡನೆ ಪಠ್ಯಪುಸ್ತಕಗಳು ಇಂಗ್ಲಿಷಿಗೆ ತಿರುಗುತ್ತವೆ. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲವನೇ ‘ಫೋಟೊಸಿಂಥೆಸಿಸ್’ ಎಂಬ ಶಬ್ದದ ಮುಂದೆ ತಡವರಿಸುತ್ತಾನೆ. ಅವನ ಬುದ್ಧಿ ಕುಂದಿತೇ? ಇಲ್ಲ, ಅಭ್ಯಾಸ ಸಾಲದು, ಅಷ್ಟೆ.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಹರಿಯುವುದಿಲ್ಲ. ನೆಗೆದು ನೆಗೆದು ನಿಲ್ಲುತ್ತದೆ. 1879ರ ಸುಮಾರಿಗೆ ಫ್ರಾನ್ಸಿನ ಝಾವಾಲನ ಪ್ರಯೋಗಶಾಲೆಯಲ್ಲಿ ಇದನ್ನು ಗಮನಿಸಲಾಯಿತು. ಇಂಗ್ಲಿಷಿನಲ್ಲಿ ನುರಿತ ಓದುಗನ ಕಣ್ಣು ಒಂದು ನೆಗೆತಕ್ಕೆ ಏಳೆಂಟು ಅಕ್ಷರಗಳನ್ನು ದಾಟಿ, ಸುಮಾರು ಕಾಲು ಸೆಕೆಂಡು ತಂಗುತ್ತದೆ. ಅರಿಯದ ಶಬ್ದ ಎದುರಾದರೆ ಹೆಚ್ಚು ಹೊತ್ತು ನಿಂತು, ಹಿಂದಕ್ಕೂ ಮರಳುತ್ತದೆ. ಅಷ್ಟರಲ್ಲಿ ವಾಕ್ಯದ ಮೊದಲ ಭಾಗವು ನೆನಪಿನಿಂದ ಜಾರಿರುತ್ತದೆ.

ಲಿಪಿಯೂ ತೊಡಕನ್ನು ಹೆಚ್ಚಿಸುತ್ತದೆ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದು. ಇಂಗ್ಲಿಷಿನಲ್ಲಾದರೋ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕು. ‘ಕಟ್’, ‘ಪುಟ್’ ಎರಡರಲ್ಲಿಯೂ ನಡುವಣ ಅಕ್ಷರ ಒಂದೇ. ಉಚ್ಚಾರ ಮಾತ್ರ ಬೇರೆ.

ಹಾಗಾದರೆ ಉಪಾಯವೇನು? ನೂರು ಶಬ್ದಗಳಲ್ಲಿ ಎರಡಕ್ಕಿಂತ ಹೆಚ್ಚು ಅಪರಿಚಿತವಾಗಿರದ ಪುಸ್ತಕವನ್ನು ಆರಿಸಿಕೊಳ್ಳಿರಿ. ಕನ್ನಡದಲ್ಲಿ ತಿಳಿದ ಪಾಠವನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದಿರಿ. ತಿಳಿದ ಅರ್ಥವು ತಿಳಿಯದ ಶಬ್ದಕ್ಕೆ ದಾರಿ ತೋರಿಸುತ್ತದೆ. ದಿನಕ್ಕೆ ಒಂದೇ ಪುಟವಾದರೂ ಸಾಕು, ತಪ್ಪಿಸಬಾರದು. ಕನ್ನಡದಲ್ಲಿ ಗಳಿಸಿದ ಜ್ಞಾನವು ಹೊರೆಯಲ್ಲ. ಅದೇ ನಿಮ್ಮ ಮೂಲಧನ.