ಬೇಟೆ ಮುಗಿದ ಮೇಲೆ ಶುರುವಾಗುತ್ತಿದ್ದ ಕೆಲಸ

ಲೂಯಿ ಬೋಥಾ, ಕ್ರಿಸ್ತಿಯಾನ್ ಡಿ ವೆಟ್, ಪೀಟ್ ಜೂಬರ್ಟ್. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರನ್ನು ಎದುರಿಸಿ ನಿಂತ ಸೇನಾಪತಿಗಳು ಇವರು. ಇದೇ ಮೂರು ಹೆಸರುಗಳು ಮೈಸೂರಿನ ಒಂದು ಮನೆಯಲ್ಲೂ ಓಡಾಡಿಕೊಂಡಿದ್ದವು. ಡಚ್ ಮೂಲದ ಯೂಜೀನ್ ವ್ಯಾನ್ ಇಂಗೆನ್ ತಮ್ಮ ಗಂಡುಮಕ್ಕಳಿಗೆ ಇಟ್ಟ ಹೆಸರುಗಳು ಅವು. ಬೋಥಾ, ಡಿ ವೆಟ್, ಜೂಬರ್ಟ್ ಸಹೋದರರು ದೇಶದೇಶಗಳಲ್ಲಿ ಹೆಸರಾದದ್ದು ಅಪ್ಪ ಕಲಿಸಿದ ಕಸುಬಿನಿಂದ. ಸತ್ತ ಪ್ರಾಣಿಯ ಚರ್ಮ ಹದ ಮಾಡಿ, ಅದಕ್ಕೆ ಮತ್ತೆ ಮೈಕಟ್ಟು ಕೊಟ್ಟು, ಬದುಕಿದ್ದಾಗ ಹೇಗೆ ನಿಲ್ಲುತ್ತಿತ್ತೋ ಹಾಗೆ ನಿಲ್ಲಿಸುವ ಕಸುಬು ಅದು. ಪುಸ್ತಕದಲ್ಲಿ ಅದನ್ನು ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ನಮ್ಮ ಹಿರಿಯರು ಸರಳವಾಗಿ ‘ಹುಲಿ ತುಂಬೋದು’ ಎನ್ನುತ್ತಿದ್ದರು.

1900ರ ಹೊತ್ತಿಗೆ ಮೈಸೂರಿನಲ್ಲಿ ಶುರುವಾದ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಕಾರ್ಖಾನೆ 1999ರಲ್ಲಿ ಬಾಗಿಲು ಹಾಕಿತು. ಆ ನೂರು ವರ್ಷಗಳಲ್ಲಿ ಅಲ್ಲಿ ಕೈದಾಟಿದ ಹುಲಿ ಮತ್ತು ಚಿರತೆಗಳೇ 43,000ಕ್ಕೂ ಹೆಚ್ಚು ಎಂಬುದು ಈ ಸಂಸ್ಥೆಯ ಬಗ್ಗೆ 2006ರಲ್ಲಿ ಪುಸ್ತಕ ಪ್ರಕಟಿಸಿದ ಬ್ರಿಟನ್ನಿನ ಪ್ರಾಣಿತಜ್ಞ ಪ್ಯಾಟ್ ಮಾರಿಸ್ ಅವರ ಲೆಕ್ಕ. 2022ರ ಗಣತಿಯಂತೆ ಇಡೀ ಭಾರತದ ಕಾಡುಗಳಲ್ಲಿರುವ ಹುಲಿಗಳ ಸರಾಸರಿ ಅಂದಾಜು 3,682. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಭಾರವಾಗುತ್ತದೆ. ಆದರೂ ಆ ಕಾರ್ಖಾನೆಯ ಕತೆಯನ್ನು ಪೂರ್ತಿ ಕೇಳಬೇಕು. ಕೋವಿ ಹಿಡಿದವರ ಕತೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಚಾಕು, ಸೂಜಿ, ಜೇಡಿಮಣ್ಣು ಹಿಡಿದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಲಿಂಪೊಪೊದಿಂದ ಬಂದ ಫೋನು

ಈ ಕಸುಬಿನ ಕಡೆಗೆ ನನ್ನ ಗಮನ ತಿರುಗಿಸಿದವನು ನಮ್ಮ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಗೆಳೆಯ. ಅವನು ಕೆಲಸದ ಮೇಲೆ ಜೋಹಾನೆಸ್‌ಬರ್ಗಿನಲ್ಲಿದ್ದಾನೆ. ಒಮ್ಮೆ ಅಲ್ಲಿನ ಸಹೋದ್ಯೋಗಿಯೊಬ್ಬನ ಜೊತೆ ಲಿಂಪೊಪೊ ಪ್ರಾಂತ್ಯದ ಖಾಸಗಿ ಫಾರ್ಮ್ ಒಂದಕ್ಕೆ ಬೇಟೆ ನೋಡಲು ಹೋಗಿದ್ದ. ಕೋವಿ ಹಿಡಿದಿದ್ದು ಸಹೋದ್ಯೋಗಿ. ಇವನು ಹಿಂದೆ ನಡೆದವನು, ಅಷ್ಟೆ.

ಅಲ್ಲಿ ಹುಲ್ಲುಗಾವಲು ಮತ್ತು ಕುರುಚಲು ಕಾಡಿನ ಗೊರಸಿನ ಪ್ರಾಣಿಗಳ ಬೇಟೆ ದೊಡ್ಡ ಉದ್ಯಮ. ಇಂಪಾಲ, ಕುಡು, ಗೆಮ್ಸ್‌ಬಾಕ್, ವಿಲ್ಡೆಬೀಸ್ಟ್, ಕಾಡುಹಂದಿಯ ಜಾತಿಯ ವಾರ್ಟ್‌ಹಾಗ್, ಹೀಗೆ ಪ್ರತಿಯೊಂದಕ್ಕೂ ದರಪಟ್ಟಿ ಇರುತ್ತದೆ. ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ಹೋದರೂ ಪೂರ್ತಿ ಹಣ ಕಟ್ಟಬೇಕು. ಹಾಗಾಗಿ ಅವಸರದಲ್ಲಿ ಗುಂಡು ಹಾರಿಸುವುದಕ್ಕೆ ಯಾರೂ ಹೋಗುವುದಿಲ್ಲ. ಹೆಜ್ಜೆ ಹಿಡಿಯುವವನು ಮುಂದೆ ನಡೆಯುತ್ತಾನೆ. ಚಿಟಿಕೆ ಬೂದಿ ತೂರಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಾನೆ. ಅವನು ಮುಕ್ಕಾಲಿಯ ಊರೆಗೋಲು ನಿಲ್ಲಿಸಿದ ಮೇಲಷ್ಟೇ ಬೇಟೆಗಾರ ಕೋವಿಯನ್ನು ಅದರ ಮೇಲಿಡುವುದು.

“ಗುಂಡು ಹೊಡ್ದಿದ್ದು ಒಂದು ಗಳಿಗೆ ಕಣಪ್ಪ. ಅದಾದ್ಮೇಲೆ ಕತ್ತಲಾಗೋ ಗಂಟ ಬರೀ ಚರ್ಮದ್ದೇ ಕೆಲ್ಸ,” ಎಂದ ಗೆಳೆಯ ಫೋನಿನಲ್ಲಿ. ತಲೆಯನ್ನು ಗೋಡೆಗೆ ಹಾಕಿಸುವುದಾದರೆ ಚರ್ಮವನ್ನು ಭುಜಕ್ಕಿಂತ ಹಿಂದಕ್ಕೇ ಕೊಯ್ಯಬೇಕು. ಗಂಟಲ ಕಡೆಯಿಂದ ಸೀಳಿದರೆ ಹೊಲಿಗೆ ಎದುರಿಗೆ ಕಾಣುತ್ತದೆ. ಕಿವಿಯ ಒಳಗಿನ ಮೃದ್ವಸ್ಥಿ ಬಿಡಿಸಬೇಕು, ತುಟಿಯನ್ನು ಒಳಗಿನಿಂದ ಸೀಳಿ ಬಿಡಿಸಬೇಕು, ಆಮೇಲೆ ಒಂದು ಮಡಿಕೆಯೂ ತಪ್ಪದಂತೆ ಉಪ್ಪು ಉಜ್ಜಬೇಕು. ಮಾಂಸ ಫಾರ್ಮಿನ ಮಾಲೀಕನಿಗೆ ಸೇರುತ್ತದೆ. ಹೊಸತೊಡಕಿನ ದಿನ ನಮ್ಮ ಕಡೆ ಬಾಡನ್ನು ಗುಡ್ಡೆ ಹಾಕಿ ಪಾಲು ಹಂಚುವ ಹಾಗೆ ಅಲ್ಲಿಯೂ ಕೆಲಸದವರಿಗೆ ಪಾಲು ಹೋಯಿತಂತೆ. ಕೊಂಬು ಮತ್ತು ಚರ್ಮ ಟ್ಯಾಕ್ಸಿಡರ್ಮಿ ಕಾರ್ಖಾನೆಗೆ ಹೊರಟವು. ಮೈಸೂರಿನಲ್ಲಿ ನಿಂತುಹೋದ ಕೆಲಸ ಬೋಥಾ, ಡಿ ವೆಟ್, ಜೂಬರ್ಟ್ ಸೇನಾಪತಿಗಳ ನಾಡಿನಲ್ಲಿ ಇವತ್ತಿಗೂ ನಡೆಯುತ್ತಿದೆ.

ಜೇಡಿಮಣ್ಣಿನ ಹುಲಿ, ಕಾಗದದ ಹುಲಿ

ಮೈಸೂರಿನ ಕಾರ್ಖಾನೆಗೆ ಬರುತ್ತಿದ್ದ ಚರ್ಮಗಳು ರೈಲಿನಲ್ಲಿ, ಪೆಟ್ಟಿಗೆಗಳಲ್ಲಿ, ಉಪ್ಪು ಮೆತ್ತಿಕೊಂಡು ಬರುತ್ತಿದ್ದವು. ಕಳಿಸುತ್ತಿದ್ದವರು ದೇಶದ ನಾನಾ ಸಂಸ್ಥಾನಗಳ ಅರಸರು, ಬ್ರಿಟಿಷ್ ಅಧಿಕಾರಿಗಳು, ಕಾಫಿ ಮತ್ತು ಟೀ ತೋಟದ ಸಾಹುಕಾರರು. ಕಾಡಿನಲ್ಲಿ ಚರ್ಮ ಹೇಗೆ ಸುಲಿಯಬೇಕು, ಹೇಗೆ ಒಣಗಿಸಬೇಕು ಎಂದು ಶಿಕಾರಿದಾರರಿಗೆ ತಿಳಿಸಲು ಸಂಸ್ಥೆ ಕೈಪಿಡಿಯನ್ನೂ ಅಚ್ಚು ಹಾಕಿಸಿತ್ತು. ಬಿಸಿಲಲ್ಲಿ ಬೆಂದು ಕೂದಲು ಉದುರಿದ ಚರ್ಮವನ್ನು ಯಾವ ಕೈಚಳಕವೂ ಉಳಿಸಲಾರದು.

ಚರ್ಮ ತುಂಬುವುದು ಎಂದರೆ ಒಳಗೆ ಹುಲ್ಲೋ ಹತ್ತಿಯೋ ಗಿಡಿಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ತುಂಬಿದ ಪ್ರಾಣಿ ಕೆಲವೇ ವರ್ಷಗಳಲ್ಲಿ ಉಬ್ಬಿ, ಸೊಟ್ಟಗಾಗಿ, ಮೂಟೆಯಂತಾಗುತ್ತದೆ. ವ್ಯಾನ್ ಇಂಗೆನ್‌ನವರ ದಾರಿ ಬೇರೆ. ಮೊದಲು ಜೇಡಿಮಣ್ಣಿನಲ್ಲಿ ಹುಲಿಯ ಮೈಯನ್ನು ತಿದ್ದುತ್ತಿದ್ದರು. ಭುಜದ ಮೂಳೆ ಎಲ್ಲಿ ಏಳುತ್ತದೆ, ಗರ್ಜಿಸುವಾಗ ಮೂಗಿನ ಮೇಲಿನ ಚರ್ಮ ಎಷ್ಟು ಸುಕ್ಕುಗಟ್ಟುತ್ತದೆ, ಹೆಜ್ಜೆ ಎತ್ತಿದ ಕಾಲಿನಲ್ಲಿ ಯಾವ ಸ್ನಾಯು ಬಿಗಿಯುತ್ತದೆ ಎಂಬುದೆಲ್ಲ ಆ ಮಣ್ಣಿನಲ್ಲಿ ಬರಬೇಕಿತ್ತು. ಅದರಿಂದ ಅಚ್ಚು ತೆಗೆದು, ಅಚ್ಚಿನೊಳಗೆ ಪದರದ ಮೇಲೆ ಪದರವಾಗಿ ಕಾಗದ ಮತ್ತು ಅಂಟು ಒತ್ತಿ ಒಣಗಿಸಿದರೆ ಹಗುರವಾದ, ಗಟ್ಟಿಯಾದ ಕಾಗದದ ಹುಲಿ ಸಿಗುತ್ತಿತ್ತು. ಬೇರೆಬೇರೆ ಅಳತೆಯ ಅಚ್ಚುಗಳು ಸಿದ್ಧವಿದ್ದವು. ಬಂದ ಚರ್ಮಕ್ಕೆ ಹೊಂದುವ ಅಚ್ಚು ಆರಿಸಿಕೊಳ್ಳುವುದೇ ಮೊದಲ ಪರೀಕ್ಷೆ.

ಹದ ಮಾಡಿದ ಚರ್ಮವನ್ನು ಚಾಕುವಿನಿಂದ ಹೆರೆದು ತೆಳುವಾಗಿಸಿ ಕಾಗದದ ಮೈಗೆ ಎಳೆದು ಕೂರಿಸುತ್ತಿದ್ದರು. ಬಾಯಿ, ನಾಲಿಗೆ, ಒಸಡಿಗೆ ರೂಪ ಕೊಟ್ಟು ಬಣ್ಣ ಹಾಕುತ್ತಿದ್ದರು. ಗಾಜಿನ ಕಣ್ಣು ಕೂರಿಸುವುದು ಎಲ್ಲಕ್ಕಿಂತ ಸೂಕ್ಷ್ಮ. ರೆಪ್ಪೆ ಒಂದೆಳೆ ಹೆಚ್ಚು ತೆರೆದರೂ ಹುಲಿ ಬೆಚ್ಚಿಬಿದ್ದಂತೆ ಕಾಣುತ್ತದೆ. ಹೊಟ್ಟೆಯ ಕೆಳಗಿನ ಹೊಲಿಗೆ ಕೂದಲಿನಲ್ಲಿ ಮುಚ್ಚಿಹೋಗಬೇಕು. ಹಲ್ಲು ಕಿರಿದು ಗರ್ಜಿಸುವ ಹುಲಿಯ ಮುಖ ಈ ಕಾರ್ಖಾನೆಯ ಗುರುತಾಯಿತು. ಇವತ್ತಿಗೂ ಅರಮನೆಗಳಲ್ಲಿ, ಹಳೆಯ ಕ್ಲಬ್ಬುಗಳಲ್ಲಿ, ವಿದೇಶದ ಹರಾಜು ಮನೆಗಳಲ್ಲಿ ಆ ಮುಖ ನೋಡಿಯೇ ಮೈಸೂರಿನದು ಎಂದು ಬಲ್ಲವರು ಹೇಳುತ್ತಾರೆ.

ಕೆಲಸ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಅಲ್ಲಿ ಸುಮಾರು 150 ಜನ ದುಡಿಯುತ್ತಿದ್ದರು. ಜೀವಂತ ಹುಲಿಯನ್ನು ಹತ್ತಿರದಿಂದ ನೋಡುವ ಅವಕಾಶ ಅವರಲ್ಲಿ ಎಷ್ಟು ಜನರಿಗೆ ಇದ್ದೀತು? ಆದರೆ ಹುಲಿಯ ಮೈಯ ಒಂದೊಂದು ಅಂಗುಲವನ್ನೂ ಬೆರಳಿನಿಂದ ಬಲ್ಲವರು ಅವರು. ಚರ್ಮವನ್ನು ಎಳೆದು ಉದ್ದ ಮಾಡಿ ‘ಹನ್ನೊಂದು ಅಡಿ ಹುಲಿ ಹೊಡೆದೆ’ ಎನ್ನುವ ಶಿಕಾರಿದಾರರು ಎಲ್ಲ ಕಾಲದಲ್ಲೂ ಇದ್ದರು. ಸತ್ತ ಹುಲಿಯನ್ನು ನೇರ ಮಲಗಿಸಿ, ಮೂಗಿನ ತುದಿಗೊಂದು ಬಾಲದ ತುದಿಗೊಂದು ಗೂಟ ನೆಟ್ಟು, ಗೂಟಗಳ ನಡುವೆ ಅಳೆಯುವುದೇ ಪ್ರಾಮಾಣಿಕ ಅಳತೆ. ಬೆನ್ನಿನ ಉಬ್ಬುತಗ್ಗಿನ ಮೇಲೆ ಟೇಪು ಎಳೆದರೆ ಕೆಲವು ಅಂಗುಲ ತಾನಾಗಿಯೇ ಸೇರಿಕೊಳ್ಳುತ್ತದೆ. ಬೇಟೆಗಾರನ ಬಾಯಿಮಾತು ಏನೇ ಇರಲಿ, ಚರ್ಮ ಹೆರೆಯುವವನ ಕೈಗೆ ನಿಜ ತಿಳಿಯುತ್ತಿತ್ತು.

ಕಬಿನಿಯ ಮೀನು, ಮಾಗಡಿಯ ಚಿರತೆ

ಡಿ ವೆಟ್ ವ್ಯಾನ್ ಇಂಗೆನ್ ಒಳ್ಳೆಯ ಗಾಳಗಾರರೂ ಆಗಿದ್ದರು. 1946ರಲ್ಲಿ ಕಬಿನಿ ನದಿಯಲ್ಲಿ ಅವರು ಹಿಡಿದ ಮಶೀರ್ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತು. ಗಾಳದಲ್ಲಿ ಹಿಡಿದ ಅತಿ ದೊಡ್ಡ ಮಶೀರ್ ಎಂದೇ ಅದು ಹೆಸರಾಯಿತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಗೂನುಬೆನ್ನಿನ ಮಶೀರ್ ಅದು. 2018ರಲ್ಲಿ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಕನಕಪುರದಿಂದಾಚೆ ಸಂಗಮ, ಗಾಳಿಬೋರೆಗಳ ಕಡೆ ಹರಿಯುವ ಕಾವೇರಿ ಕೂಡ ಮಶೀರ್ ಹಿಡಿಯುವವರಿಗೆ ಹೆಸರಾದ ಜಾಗವಾಗಿತ್ತು. 1987ರಲ್ಲಿ ಆ ದಡದ ಕಾಡು ಕಾವೇರಿ ವನ್ಯಧಾಮವಾಯಿತು.

ನಮ್ಮ ಸೀಮೆಯ ಬೇಟೆಯ ಕತೆ ಕನ್ನಡದ ಓದುಗರಿಗೆ ಹೊಸದೇನಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ಶಿಕಾರಿ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಾಗ ಒಂದು ಸಂಪುಟದ ಹೆಸರೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಮಾಗಡಿ, ರಾಮನಗರ, ಕನಕಪುರದ ಕಲ್ಲುಬೆಟ್ಟಗಳ ಪೊಟರೆಗಳು ಆಗಲೂ ಚಿರತೆಯ ಮನೆ, ಈಗಲೂ ಚಿರತೆಯ ಮನೆ. ಅಕ್ಕೂರು, ಸುತ್ತಲ ಹಳ್ಳಿಗಳ ರೈತರಿಗೆ ಕಾಡುಪ್ರಾಣಿಯೆಂದರೆ ಗೋಡೆಯ ಮೇಲಿನ ತಲೆಯಲ್ಲ. ತೆಂಗಿನಕಲ್ಲು, ಕಬ್ಬಾಳು ಕಾಡುಗಳ ಕಡೆಯಿಂದ ಆನೆ ಇಳಿದ ರಾತ್ರಿ ರಾಗಿ ಹೊಲ, ಬಾಳೆ, ತೆಂಗಿನ ಸಸಿ, ಮಾವಿನ ತೋಟದ ಗತಿ ಏನಾಯಿತೆಂದು ಬೆಳಗಾಗುವ ತನಕ ಗೊತ್ತಾಗುವುದಿಲ್ಲ.

ಕಾಡುಪ್ರಾಣಿ ಯಾರದು?

ಲಿಂಪೊಪೊದ ಮಾತು ಕೇಳಿದ ಮೇಲೆ ಊರಿನಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು: ಅಲ್ಲಿ ಬೇಟೆಗೆ ದುಡ್ಡು ತಗೊಂಡು ಪ್ರಾಣಿ ಸಾಕುತ್ತಾರಲ್ಲ, ನಮ್ಮಲ್ಲಿ ಯಾಕಾಗಬಾರದು? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕಾನೂನಿನಲ್ಲೂ ಇದೆ, ನೆಲದಲ್ಲೂ ಇದೆ.

ದಕ್ಷಿಣ ಆಫ್ರಿಕಾದಲ್ಲಿ 1991ರ ಕಾಯ್ದೆಯ ಪ್ರಕಾರ ಸರಿಯಾಗಿ ಬೇಲಿ ಹಾಕಿದ ಜಮೀನಿನೊಳಗಿನ ಕಾಡುಪ್ರಾಣಿಗೆ ಜಮೀನಿನ ಮಾಲೀಕನೇ ಒಡೆಯ. ಸಾವಿರಾರು ಎಕರೆಯ ಫಾರ್ಮುಗಳಲ್ಲಿ ದನ ಬಿಟ್ಟು ಕುಡು, ಇಂಪಾಲ ಬೆಳೆಸುವುದಕ್ಕೆ ಇದೂ ಒಂದು ಕಾರಣ. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ ಹಳ್ಳಿಯ ಸಮುದಾಯಗಳಿಗೂ ಅಂಥ ಹಕ್ಕು ಕೊಟ್ಟಿತು. ಆದರೆ ಆಫ್ರಿಕಾದಲ್ಲೇ ಎಲ್ಲರೂ ಒಂದೇ ದಾರಿ ಹಿಡಿದಿಲ್ಲ. ಕೀನ್ಯಾ 1977ರಲ್ಲೇ ಬೇಟೆ ನಿಷೇಧಿಸಿತು. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು.

ನಮ್ಮದು ಎರಡೆಕರೆ, ಮೂರೆಕರೆಯ ಹೊಲಗಳ ನಾಡು. ಒಬ್ಬನ ಬೇಲಿಯೊಳಗೆ ಹುಟ್ಟಿ ಸಾಯುವ ಕಾಡುಪ್ರಾಣಿ ಇಲ್ಲಿಲ್ಲ. ನಮ್ಮ ಬೇಟೆಯ ಚರಿತ್ರೆಯಲ್ಲಿ ಪ್ರಾಣಿ ಬೆಳೆಸಿದವರು ಯಾರೂ ಇರಲಿಲ್ಲ, ಹೊಡೆದವರಷ್ಟೇ ಇದ್ದರು. ಒಂದೇ ಊರಿನ ಒಂದೇ ಕಾರ್ಖಾನೆಗೆ 43,000 ಹುಲಿ ಚಿರತೆಗಳು ಬಂದವೆಂದರೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದ್ದು ಸರಿ. ಮರುವರ್ಷ ಹುಲಿ ಯೋಜನೆ ಶುರುವಾದಾಗ, ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ ಮೊದಲ ಹುಲಿಧಾಮಗಳಲ್ಲಿ ಒಂದಾಯಿತು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ಕಾಡಂಚಿನ ರೈತನ ಬೆಳೆನಷ್ಟಕ್ಕೆ ತಕ್ಕ ಪರಿಹಾರ, ಗಟ್ಟಿಯಾದ ತಡೆ, ರಾತ್ರಿ ಕರೆದರೆ ಓಡಿಬರುವ ಅರಣ್ಯ ಸಿಬ್ಬಂದಿ ಬೇಕು. ಅದು ರೈತನ ಹಕ್ಕು. ಅದಕ್ಕೆ ಬದಲಾಗಿ ಕೋವಿಯನ್ನು ಮುಂದಿಡುವುದು ರೈತನಿಗೂ ಒಳಿತಲ್ಲ, ಕಾಡಿಗೂ ಒಳಿತಲ್ಲ.

ಉಳಿಸಿಕೊಳ್ಳಬೇಕಾದದ್ದು

ಬೇಟೆ ನಿಂತ ಮೇಲೆ ಮೈಸೂರಿನ ಕಾರ್ಖಾನೆಗೆ ಕೆಲಸ ಕುಗ್ಗುತ್ತಾ ಹೋಯಿತು. ಸಹೋದರರಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ ವ್ಯಾನ್ ಇಂಗೆನ್ ನೂರು ವರ್ಷ ತುಂಬಿದ ಬಳಿಕ 2013ರ ಮಾರ್ಚಿನಲ್ಲಿ ತೀರಿಕೊಂಡರು. ಆ ಕಸುಬು ಹೊಸ ಚರ್ಮಗಳಿಗಾಗಿ ಮತ್ತೆ ಶುರುವಾಗುವುದು ಬೇಡ. ಆದರೆ ಅದರಲ್ಲಿದ್ದ ವಿದ್ಯೆಯನ್ನು ಕಳೆದುಕೊಳ್ಳುವ ಅಗತ್ಯವಿಲ್ಲ. ವಯಸ್ಸಾಗಿ, ರೋಗದಿಂದ ಸತ್ತ ಮೃಗಾಲಯದ ಪ್ರಾಣಿಯನ್ನು ಶಾಲೆಯ ಮಕ್ಕಳಿಗಾಗಿ ಸಂಗ್ರಹಾಲಯದಲ್ಲಿ ನಿಲ್ಲಿಸಲು, ಹುಳು ಹಿಡಿಯುತ್ತಿರುವ ಹಳೆಯ ಮಾದರಿಗಳನ್ನು ರಿಪೇರಿ ಮಾಡಲು ಈ ಕೈಗಳೇ ಬೇಕು. 1995ರಿಂದ ಮೈಸೂರಿನ ಕಾರಂಜಿ ಕೆರೆಯ ಬಳಿ ಪ್ರಾಕೃತಿಕ ಚರಿತ್ರೆಯ ಪ್ರಾದೇಶಿಕ ಸಂಗ್ರಹಾಲಯವಿದೆ. ಅಂಥ ಕಡೆ ಈ ಕಸುಬಿಗೆಂದೇ ಒಂದು ವಿಭಾಗ ತೆರೆಯಬೇಕು. ಅಚ್ಚು ಹೇಗೆ ತೆಗೆಯುತ್ತಿದ್ದರು, ಚರ್ಮ ಹೇಗೆ ಹದ ಮಾಡುತ್ತಿದ್ದರು ಎಂದು ಕಾರ್ಖಾನೆಯಲ್ಲಿ ದುಡಿದವರ ಬಾಯಿಂದಲೇ, ಅವರ ಮನೆಯವರ ಬಾಯಿಂದಲೇ ಕೇಳಿ ದಾಖಲಿಸಬೇಕು.

ಮನೆಗಳಲ್ಲಿ ಉಳಿದಿರುವ ಕೊಂಬು, ಚರ್ಮ, ಉಗುರುಗಳ ಮಾತೂ ಇದೆ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ಪ್ರಕರಣ ಸುದ್ದಿಯಾದಾಗ ಹಳೆಯ ಪೆಟ್ಟಿಗೆ ತೆರೆದು ನೋಡಿ ಗಾಬರಿಯಾದವರು ಎಷ್ಟೋ ಜನ. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ಮಾರುವುದೂ ಅಪರಾಧವೇ. ಅವು ಅಜ್ಜನ ಶೌರ್ಯದ ಗುರುತು ಎಂದು ಬಚ್ಚಿಡುವುದಕ್ಕಿಂತ ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು.

ಗೋಡೆಯ ಮೇಲಿನ ಹುಲಿಯ ತಲೆಯ ಕೆಳಗೆ ಹಿತ್ತಾಳೆಯ ಫಲಕ ಇರುತ್ತದೆ. ಯಾರು ಹೊಡೆದರು, ಎಲ್ಲಿ, ಯಾವ ವರ್ಷ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಹುಲಿಗೆ ಮುಖ ಕೊಟ್ಟ ಮೈಸೂರಿನ ಕೆಲಸಗಾರನ ಹೆಸರು ಮಾತ್ರ ಎಲ್ಲೂ ಇಲ್ಲ. ಪ್ರಾಣಿಯನ್ನು ಕೊಂದವನಿಗಿಂತ ಅದರ ಮೈಯನ್ನು ಅರಿತವನು ದೊಡ್ಡವನು ಎಂದು ನಾನು ನಂಬಿದ್ದೇನೆ. ಆನೆಯ ಹೆಜ್ಜೆ ನೋಡಿ ಅದು ಎಷ್ಟು ಹೊತ್ತಿಗೆ ದಾಟಿತು, ಮರಿ ಜೊತೆಗಿತ್ತೇ ಎಂದು ಹೇಳಬಲ್ಲ ಅರಣ್ಯ ವಾಚರುಗಳು, ಹಿರಿಯ ರೈತರು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ಗೊತ್ತಿರುವುದನ್ನು ಅವರು ಇರುವಾಗಲೇ ಬರೆದಿಟ್ಟುಕೊಳ್ಳೋಣ. ಮೈಸೂರಿನ ಆ 150 ಜನರ ವಿಷಯದಲ್ಲಿ ತಡವಾಗಿದೆ, ಇವರ ವಿಷಯದಲ್ಲಿ ಇನ್ನೂ ತಡವಾಗಿಲ್ಲ.